ಹಳೆಯ ಯಂತ್ರಕ್ಕೆ ಮರುಜೀವ: ಆಟವೋ, ವಿದ್ಯೆಯೋ?

ಒಂದು ಯಂತ್ರ ಕೆಟ್ಟು ನಿಂತಿತೆಂದರೆ ಅದರ ಆಯುಸ್ಸು ಮುಗಿಯಿತೆಂದು ಭಾವಿಸುವುದು ಇಂದಿನ ಲೋಕರೂಢಿ. ಕೆಟ್ಟುದನ್ನು ಗುಜರಿಗೆ ಹಾಕಿ ಹೊಸದನ್ನು ತರುವುದೇ ಜಾಣತನವೆಂದೂ, ಅರುವತ್ತು ಎಪ್ಪತ್ತು ವರ್ಷಗಳ ಹಿಂದಿನ ಎಂಜಿನೊಂದನ್ನು ಬಿಚ್ಚಿ, ತೊಳೆದು, ಜೋಡಿಸಿ, ಮತ್ತೆ ನಡೆಯುವಂತೆ ಮಾಡಲು ತಿಂಗಳುಗಟ್ಟಲೆ ಹೆಣಗುವುದು ಕೆಲಸವಿಲ್ಲದವರ ಹವ್ಯಾಸವೆಂದೂ ಅನೇಕರು ತಿಳಿದಿದ್ದಾರೆ. ಈ ಅಭಿಪ್ರಾಯವನ್ನು ನಾವು ಒಪ್ಪುವುದಿಲ್ಲ. ವಿಜ್ಞಾನವನ್ನು ಕಲಿಯುವ ತರುಣರಿಗೆ ಹಳೆಯ ಎಂಜಿನೊಂದರ ದುರಸ್ತಿಗಿಂತ ಉತ್ತಮವಾದ ಪ್ರಯೋಗಶಾಲೆ ಸುಲಭವಾಗಿ ದೊರೆಯಲಾರದು ಎಂಬುದೇ ನಮ್ಮ ಮತ. ಪಠ್ಯಪುಸ್ತಕವು ನಿಯಮವನ್ನು ಮೊದಲು ಹೇಳಿ ಉದಾಹರಣೆಯನ್ನು ಆಮೇಲೆ ಕೊಡುತ್ತದೆ. ಕೆಟ್ಟು ನಿಂತ ಯಂತ್ರವಾದರೋ ಉದಾಹರಣೆಯನ್ನು ಮಾತ್ರ ಎದುರಿಗಿಟ್ಟು, ನಿಯಮವನ್ನು ನೀವೇ ಹುಡುಕಿಕೊಳ್ಳಿರೆಂದು ಸುಮ್ಮನೆ ಕುಳಿತಿರುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ನಿರ್ದಿಷ್ಟವಾದ ಒಂದು ಯಂತ್ರವನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡ್, ಆಸ್ಟ್ರೇಲಿಯ ಮುಂತಾದ ದೇಶಗಳ ಮನೆತೋಟಗಳಲ್ಲಿ ಕಳೆದ ಶತಮಾನದ ನಡುಭಾಗದಲ್ಲಿ ಬಹು ಬಳಕೆಯಲ್ಲಿದ್ದ, ತೋಟ ಉಳುವ ಸಣ್ಣ ಯಂತ್ರವದು. ಮುಂದೆ ಒಂದು ಪೆಟ್ರೋಲ್ ಎಂಜಿನ್, ಕೆಳಗೆ ಎರಡು ಚಕ್ರ, ಹಿಂದೆ ತಿರುಗುವ ಅಲಗುಗಳು, ಹಿಡಿದು ನಡೆಯಲು ಎರಡು ಹಿಡಿಕೆಗಳು, ಇಷ್ಟೇ ಅದರ ರೂಪ. ಅಲ್ಲಿನ ಹಳೆಯ ಕೊಟ್ಟಿಗೆಗಳಲ್ಲಿ ಇಂಥವು ಇಂದಿಗೂ ತುಕ್ಕು ಹಿಡಿದು ಬಿದ್ದಿರುವುದುಂಟು. ಅವುಗಳನ್ನು ಹುಡುಕಿ ತಂದು ಮರಳಿ ನಡೆಯಿಸುವ ಹವ್ಯಾಸಿಗಳೂ ಅಲ್ಲಿ ಬಹಳ ಮಂದಿ ಇದ್ದಾರೆ.

ಈ ಯಂತ್ರದ ಹುಟ್ಟಿನ ಕಥೆಯೇ ಒಂದು ಪಾಠ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತದ ಗಿಲ್ಗಾಂಡ್ರ ಎಂಬಲ್ಲಿ ರೈತನ ಮಗನಾದ ಆರ್ಥರ್ ಕ್ಲಿಫರ್ಡ್ ಹೋವರ್ಡ್ (1893-1971) ಎಂಬ ತರುಣನು 1912ರಲ್ಲಿ, ಎಂಜಿನಿಯರಿಂಗ್ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ, ತನ್ನ ತಂದೆಯ ಉಗಿಯಂತ್ರದ ಶಕ್ತಿಯಿಂದ ಅಲಗುಗಳನ್ನು ತಿರುಗಿಸಿ ನೆಲವನ್ನು ಅಗೆಯಲು ಯತ್ನಿಸಿದನು. ಎಳೆಯುವ ನೇಗಿಲು ಮೇಲಿನ ಮಣ್ಣನ್ನು ಸಡಿಲಿಸುವಾಗಲೇ ಕೆಳಗಿನ ಮಣ್ಣನ್ನು ಒತ್ತಿ ಗಟ್ಟಿಮಾಡುತ್ತದೆ. ತಿರುಗುವ ಅಲಗು ಹಾಗೆ ಒತ್ತಲಾರದು ಎಂಬುದು ಅವನ ಎಣಿಕೆ. ಮೊದಲ ಪ್ರಯೋಗಗಳಲ್ಲಿ ಮಣ್ಣು ಪಕ್ಕಕ್ಕೆ ಎರಚಿಹೋಗುತ್ತಿತ್ತು. ಕಿರಿದಾದ ಅಚ್ಚಿನ ಮೇಲೆ ಅಂತರವಿಟ್ಟು, ತುದಿಯಲ್ಲಿ ಲಂಬವಾಗಿ ಬಾಗಿದ ಅಲಗುಗಳನ್ನು ಕೂರಿಸಿದ ಮೇಲೆ ಆ ದೋಷ ನೀಗಿತು. 1920ರಲ್ಲಿ ಎಂಜಿನಿನೊಡನೆ ಕೂಡಿದ ಯಂತ್ರಕ್ಕೆ ಅವನಿಗೆ ಪೇಟೆಂಟು ದೊರೆಯಿತು; 1922ರಲ್ಲಿ ಕಂಪೆನಿ ಸ್ಥಾಪನೆಯಾಯಿತು; 1938ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದಲ್ಲಿಯೂ ಕಾರ್ಖಾನೆ ಆರಂಭವಾಯಿತು. ಯೂರೋಪಿನಲ್ಲಿ ಸ್ವಿಟ್ಜರ್ಲೆಂಡಿನ ಕೊನ್ರಾಡ್ ಫಾನ್ ಮೈಯೆನ್‌ಬುರ್ಗ್ ಎಂಬವನೂ ಸುಮಾರು 1910ರ ವೇಳೆಗೆ ಇಂಥದೇ ಆಲೋಚನೆಯನ್ನು ಸ್ವತಂತ್ರವಾಗಿ ಕೈಗೊಂಡಿದ್ದನು. ಹೋವರ್ಡನ ಯಂತ್ರಕ್ಕೆ ರೋಟವೇಟರ್ ಎಂದು ಹೆಸರಾಯಿತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಆ ಹೆಸರು ನಮ್ಮ ‘ವಿಕಟಕವಿ’ಯಂತೆ ಎತ್ತ ಕಡೆಯಿಂದ ಓದಿದರೂ ಒಂದೇ!

ನಮ್ಮ ಮಲೆನಾಡಿನ ಗದ್ದೆಗಳಲ್ಲಿ ಓಡಾಡುವ ಪವರ್ ಟಿಲ್ಲರನ್ನು ನೋಡಿದವರಿಗೆ ಈ ರೂಪ ಪರಿಚಿತವೇ. 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವಿ.ಎಸ್.ಟಿ. ಸಂಸ್ಥೆಯು ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಇಂಥ ಯಂತ್ರಗಳನ್ನು ತಯಾರಿಸತೊಡಗಿತು. ನಮ್ಮವು ಬಹುಮಟ್ಟಿಗೆ ಡೀಸೆಲ್ಲಿನವು. ಆದರೆ ತಿರುಗುವ ಅಲಗಿನಿಂದ ನೆಲವನ್ನು ಕೆದರುವ ತತ್ತ್ವ ಒಂದೇ.

ಇನ್ನು ಎಂಜಿನಿನ ವಿಚಾರ. ಜರ್ಮನಿಯ ನಿಕೊಲಾಸ್ ಓಟೊ 1876ರಲ್ಲಿ ರೂಢಿಗೆ ತಂದ ನಾಲ್ಕು ಹೊಡೆತಗಳ ಕ್ರಮವೇ ಈ ಬಗೆಯ ಅನೇಕ ಯಂತ್ರಗಳಲ್ಲಿಯೂ ಇರುವುದು: ಒಳಗೆ ಎಳೆಯುವುದು, ಒತ್ತುವುದು, ಉರಿಸುವುದು, ಹೊರಗೆ ತಳ್ಳುವುದು. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನಿನಲ್ಲಿ ಒಂದೊಂದು ಹೊಡೆತಕ್ಕೆ ದೊರೆಯುವ ಅವಧಿ ಸೆಕೆಂಡಿನ ನೂರನೆಯ ಒಂದು ಭಾಗ. ಅಷ್ಟರೊಳಗೆ ಕವಾಟಗಳು ತೆರೆದು ಮುಚ್ಚಬೇಕು, ಕಿಡಿ ಹಾರಬೇಕು, ಇಂಧನ ಉರಿಯಬೇಕು. ಇಷ್ಟು ಚುರುಕಾದ ವ್ಯವಸ್ಥೆಯು ಕೆಟ್ಟಾಗ ಅದಕ್ಕೆ ಕೇಳಬೇಕಾದ ಪ್ರಶ್ನೆಗಳು ಮಾತ್ರ ಮೂರೇ ಮೂರು. ಕಿಡಿ ಇದೆಯೇ? ಇಂಧನ ಬರುತ್ತಿದೆಯೇ? ಒತ್ತಡ ನಿಲ್ಲುತ್ತಿದೆಯೇ? ಒಂದೊಂದೂ ಭೌತವಿಜ್ಞಾನದ ಒಂದೊಂದು ಅಧ್ಯಾಯವನ್ನು ತೆರೆಯುವುದನ್ನು ಗಮನಿಸಿರಿ.

ಮೊದಲು ಕಿಡಿ. ಈ ಎಂಜಿನುಗಳಲ್ಲಿ ಬ್ಯಾಟರಿ ಇಲ್ಲ. ಅನೇಕ ಮಾದರಿಗಳಲ್ಲಿ ಗತಿಚಕ್ರದೊಳಗೆ ಅಯಸ್ಕಾಂತಗಳಿರುತ್ತವೆ. ಚಕ್ರ ತಿರುಗಿದಂತೆ ಅವು ತಂತಿಯ ಸುರುಳಿಯ ಮುಂದೆ ಹಾಯ್ದು, ಅದರಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತವೆ. ಫ್ಯಾರಡೆ 1831ರಲ್ಲಿ ಕಂಡ ನಿಯಮವೇ ಇದು. ಸರಿಯಾದ ಕ್ಷಣದಲ್ಲಿ ಪಾಯಿಂಟ್ ಎಂಬ ಎರಡು ಪುಟ್ಟ ಲೋಹದ ತುದಿಗಳು ಬೇರೆಯಾಗಿ ಪ್ರವಾಹ ಕಡಿದುಹೋದಾಗ, ಸಾವಿರಾರು ಸುತ್ತುಗಳುಳ್ಳ ಎರಡನೆಯ ಸುರುಳಿಯಲ್ಲಿ ಹಲವು ಸಾವಿರ ವೋಲ್ಟುಗಳು ಹುಟ್ಟಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದ ಯಂತ್ರದಲ್ಲಿ ಆ ತುದಿಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಆಕ್ಸೈಡಿನ ಪೊರೆ ಕಟ್ಟುತ್ತದೆ. ಅದು ವಿದ್ಯುತ್ತನ್ನು ಹರಿಯಗೊಡದು. ನಯವಾದ ಉಪ್ಪುಕಾಗದದಿಂದ ಒಮ್ಮೆ ಉಜ್ಜಿ ಒರಸಿದರೆ ಎಷ್ಟೋ ವೇಳೆ ಕಿಡಿ ಮರಳುತ್ತದೆ. ಒಂದು ಮಣಕ್ಕೂ ಮೀರಿದ ಕಬ್ಬಿಣವು ಕಾಗದಕ್ಕಿಂತ ತೆಳುವಾದ ಪೊರೆಯೊಂದರ ದೆಸೆಯಿಂದ ಗುಜರಿಯ ಪಾಲಾಗಬಹುದು! ಪೊರೆ ತೆಗೆದರೂ ಕಿಡಿ ಬಾರದಿದ್ದರೆ, ಪಾಯಿಂಟುಗಳ ಬಳಿಯ ಕಂಡೆನ್ಸರನ್ನು ಸಂಶಯಿಸಬೇಕು. ಅದರೊಳಗಿನ ಕಾಗದದ ನಿರೋಧಕವು ಕಾಲಕ್ರಮದಲ್ಲಿ ತೇವ ಹೀರಿ ಕೆಡುತ್ತದೆ. ಎಂಜಿನ್ ತಣ್ಣಗಿದ್ದಾಗ ನಡೆದು ಬಿಸಿಯಾದೊಡನೆ ನಿಂತರೆ, ಸುರುಳಿಯ ನಿರೋಧಕವು ಶಾಖದಲ್ಲಿ ಸೋಲುತ್ತಿರಬಹುದು. ಹೀಗೆ ಲಕ್ಷಣದಿಂದ ಕಾರಣಕ್ಕೆ ನಡೆಯುವುದನ್ನು ಯಂತ್ರವೇ ಅಭ್ಯಾಸ ಮಾಡಿಸುತ್ತದೆ.

ಎರಡನೆಯದು ಇಂಧನ. ಕಾರ್ಬ್ಯುರೇಟರಿನ ನಡು ಕಿರಿದಾಗಿರುತ್ತದೆ. ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ತಗ್ಗುವುದರಿಂದ, ಸಣ್ಣ ರಂಧ್ರದ ಮೂಲಕ ಪೆಟ್ರೋಲ್ ತಾನಾಗಿ ಚಿಮ್ಮಿ ಬರುತ್ತದೆ. ಬರ್ನೂಲಿಯ ತತ್ತ್ವಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ಬೇಡ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ಹದಿನೈದು ಪಾಲು ಗಾಳಿ ಇದ್ದರೆ ಪೂರ್ಣ ದಹನವಾಗುವುದು. ಹಳೆಯ ಪೆಟ್ರೋಲ್ ಆವಿಯಾಗಿ ಉಳಿದ ಅಂಟು ಆ ರಂಧ್ರವನ್ನು ಮುಚ್ಚಿದಾಗ ಈ ಪ್ರಮಾಣ ತಪ್ಪುತ್ತದೆ. ಆತುರಗಾರನು ಉಕ್ಕಿನ ತಂತಿಯಿಂದ ಚುಚ್ಚಿ ರಂಧ್ರವನ್ನು ಬಿಡಿಸುತ್ತಾನೆ. ಹಿತ್ತಾಳೆ ಮೃದುವಾದುದರಿಂದ ರಂಧ್ರ ಹಿರಿದಾಗುತ್ತದೆ, ಪ್ರಮಾಣ ಶಾಶ್ವತವಾಗಿ ಕೆಡುತ್ತದೆ. ತಾಳ್ಮೆಯುಳ್ಳವನು ದ್ರಾವಕದಲ್ಲಿ ನೆನೆಸಿ ಗಾಳಿಯಿಂದ ಊದುತ್ತಾನೆ. ಇನ್ನೊಂದು ಸಂಗತಿಯೂ ಇಲ್ಲಿ ಮುಖ್ಯ. ನಮ್ಮ ದೇಶದ ಪೆಟ್ರೋಲಿಗೆ ಈಗ ನೂರಕ್ಕೆ ಇಪ್ಪತ್ತರವರೆಗೂ ಎಥನಾಲ್ ಬೆರೆಯುತ್ತದೆ. ಇಂಗ್ಲೆಂಡಿನಲ್ಲಿಯೂ ಕಡಮೆ ಪ್ರಮಾಣದಲ್ಲಿ ಬೆರೆಯುತ್ತದೆ. ಹಳೆಯ ಕಾರ್ಬ್ಯುರೇಟರುಗಳ ಬಿರಡೆಯ ತೇಲುಗಳಿಗೆ ಅರಗನ್ನು ಬಳಿದಿರುತ್ತಿದ್ದರು. ಅರಗು ಮದ್ಯಸಾರದಲ್ಲಿ ಕರಗುತ್ತದೆ. ಅಂದು ಸರಿಯಾಗಿದ್ದ ವಸ್ತು ಇಂದಿನ ಇಂಧನದಲ್ಲಿ ತಪ್ಪಾಗುವುದಕ್ಕೆ ರಸಾಯನವಿಜ್ಞಾನವೇ ಉತ್ತರ ಹೇಳಬೇಕು.

ಮೂರನೆಯದಾದ ಒತ್ತಡದ ಪರೀಕ್ಷೆಯು ತರ್ಕಶಾಸ್ತ್ರದ ಪಾಠದಂತಿದೆ. ಎಂಜಿನನ್ನು ಕೈಯಿಂದ ಮೆಲ್ಲನೆ ತಿರುಗಿಸಿದಾಗ ಒಂದು ಹಂತದಲ್ಲಿ ಸ್ಪ್ರಿಂಗಿನಂತೆ ಹಿಂದಕ್ಕೆ ತಳ್ಳಬೇಕು. ತಳ್ಳದಿದ್ದರೆ ಎಲ್ಲಿಯೋ ಸೋರಿಕೆಯಿದೆ. ಪಿಸ್ಟನ್ನಿನ ಉಂಗುರಗಳಲ್ಲಿಯೇ, ಕವಾಟಗಳಲ್ಲಿಯೇ? ಎಂಜಿನನ್ನು ಬಿಚ್ಚದೆ ಇದನ್ನು ತಿಳಿಯುವುದು ಹೇಗೆ? ಪ್ಲಗ್ಗಿನ ರಂಧ್ರದ ಮೂಲಕ ಒಂದು ಚಮಚ ಎಣ್ಣೆಯನ್ನು ಹಾಕಿ, ಪ್ಲಗ್ಗನ್ನು ಮತ್ತೆ ಕೂರಿಸಿ ತಿರುಗಿಸಬೇಕು. ಎಣ್ಣೆಯು ಉಂಗುರಗಳ ಸುತ್ತ ನಿಂತು ಸಂದನ್ನು ಮುಚ್ಚುತ್ತದೆ. ಕವಾಟಗಳಿಗೆ ಅದರಿಂದ ಪ್ರಯೋಜನವಿಲ್ಲ. ಒತ್ತಡ ಹೆಚ್ಚಿದರೆ ದೋಷ ಉಂಗುರಗಳದು, ಹೆಚ್ಚದಿದ್ದರೆ ಬಹುಶಃ ಕವಾಟಗಳದು. ಒಂದೇ ಒಂದು ಅಂಶವನ್ನು ಬದಲಿಸಿ ಫಲವನ್ನು ನೋಡುವ ಈ ಕ್ರಮವೇ ಅಲ್ಲವೇ ವೈಜ್ಞಾನಿಕ ಪ್ರಯೋಗದ ಜೀವಾಳ?

ಕೆಲವೊಮ್ಮೆ ಎಂಜಿನ್ ತಿರುಗುವುದೇ ಇಲ್ಲ. ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡಿರುತ್ತದೆ. ಕಬ್ಬಿಣವು ತುಕ್ಕಾಗುವಾಗ ಅದು ತುಂಬುವ ಜಾಗ ಇಮ್ಮಡಿಗೂ ಮೀರುವುದರಿಂದ ಸಂದಿನಲ್ಲಿ ತುಕ್ಕೇ ಬೆಣೆಯಾಗುತ್ತದೆ. ಕಾಯಿಸಿದರೆ ಸಡಿಲವಾದೀತೆಂದು ಯಾರಾದರೂ ಹೇಳುವರು. ಸ್ವಲ್ಪ ಆಲೋಚಿಸೋಣ. ಪಿಸ್ಟನ್ ಅಲ್ಯೂಮಿನಿಯಮ್ಮಿನದು, ಸಿಲಿಂಡರ್ ಎರಕದ ಕಬ್ಬಿಣದ್ದು. ಒಂದೇ ಶಾಖಕ್ಕೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಎರಡೂ ಒಟ್ಟಿಗೆ ಕಾದರೆ ಪಿಸ್ಟನ್ ಇನ್ನೂ ಬಿಗಿಯಾಗುವುದು! ತಣಿಯುವಾಗ ಅದೇ ಹೆಚ್ಚು ಕುಗ್ಗುವುದರಿಂದ ತುಕ್ಕಿನ ಹಿಡಿತ ಬಿರುಕುಬಿಡುತ್ತದೆ. ಆ ಬಿರುಕಿನಲ್ಲಿ ತೆಳುವಾದ ಎಣ್ಣೆ ಇಳಿಯುತ್ತದೆ. ಆದುದರಿಂದ ಫಲ ಕೊಡುವುದು ಹದವಾಗಿ ಕಾಯಿಸುವುದು, ತಣಿಸುವುದು, ಎಣ್ಣೆ ಬಿಡುವುದು, ದಿನಗಟ್ಟಲೆ ಕಾಯುವುದು. ಸುತ್ತಿಗೆಯಿಂದ ಹೊಡೆದವನಿಗೆ ದೊರೆಯುವುದು ಒಡೆದ ಪಿಸ್ಟನ್ ಮಾತ್ರ.

ಈ ಕೆಲಸ ಮಾಡುವವರಲ್ಲಿ ಬಹುಕಾಲದಿಂದ ಒಂದು ವಾದ ನಡೆದಿದೆ. ಯಂತ್ರವನ್ನು ಕಾರ್ಖಾನೆಯಿಂದ ಹೊರಬಂದ ದಿನದಂತೆ ಥಳಥಳಿಸುವಂತೆ ಮಾಡಬೇಕೆಂದು ಕೆಲವರು. ಅದರ ಮೇಲಿನ ಗೀರು, ಸವೆತ, ಮಾಸಿದ ಬಣ್ಣ ಎಲ್ಲವೂ ಹಾಗೆಯೇ ಉಳಿಯಬೇಕೆಂದು ಇನ್ನು ಕೆಲವರು. ನಮ್ಮ ಒಲವು ಎರಡನೆಯ ಪಕ್ಷದ ಕಡೆಗೆ. ಹಿಡಿಕೆಯ ಸವೆತವು ಯಾವ ಕೈ ಅದನ್ನು ಹೆಚ್ಚು ಒತ್ತಿ ಹಿಡಿಯುತ್ತಿತ್ತೆಂದು ಹೇಳುತ್ತದೆ. ಕ್ರಮಸಂಖ್ಯೆಯ ಫಲಕವು ಯಂತ್ರದ ಜನ್ಮಪತ್ರಿಕೆ. ಬೋಲ್ಟಿನ ತಿರುಪು ಕೂಡ ಇತಿಹಾಸವೇ: ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ 1841ರಲ್ಲಿ ಗೊತ್ತುಪಡಿಸಿದ ತಿರುಪಿನ ಹಲ್ಲಿನ ಕೋನ 55 ಡಿಗ್ರಿ, ಇಂದಿನ ಮೆಟ್ರಿಕ್ ತಿರುಪಿನದು 60 ಡಿಗ್ರಿ. ಹೊಂದದ ನಟ್ಟನ್ನು ಬಲವಂತವಾಗಿ ಬಿಗಿದವನು ಈ ಐದು ಡಿಗ್ರಿಯ ಬೆಲೆಯನ್ನು ತೆರುತ್ತಾನೆ. ಅರೆಯುವ ಚಕ್ರಕ್ಕೆ ಸಿಕ್ಕಿ ಈ ಗುರುತುಗಳೆಲ್ಲ ಅಳಿದ ಮೇಲೆ ಉಳಿಯುವುದು ಹೊಳೆಯುವ ಗೊಂಬೆ. ಹಾಗೆಂದು ಕೆಟ್ಟ ಭಾಗವನ್ನು ಬದಲಿಸಲೇಬಾರದೆಂದು ನಾವು ಹೇಳುವುದಿಲ್ಲ. ನಡೆಯುವುದಕ್ಕೆ ಅಗತ್ಯವಾದುದನ್ನು ಬದಲಿಸಬೇಕು. ತೆಗೆದ ಭಾಗಕ್ಕೆ ಚೀಟಿ ಕಟ್ಟಿ ಇಡಬೇಕು. ಏನು ಮಾಡಿದೆವು, ಏಕೆ ಮಾಡಿದೆವು ಎಂಬುದನ್ನು ಪುಸ್ತಕದಲ್ಲಿ ಬರೆಯಬೇಕು.

ಇನ್ನು ಆಕ್ಷೇಪಗಳು. ಹಳೆಯ ಪೆಟ್ರೋಲ್ ಎಂಜಿನ್ ಹೊಗೆಯುಗುಳುವ, ಇಂಧನ ನುಂಗುವ ಯಂತ್ರವಲ್ಲವೇ ಎಂದು ಕೇಳಬಹುದು. ಹೌದು. ಕವಾಟಗಳು ಪಕ್ಕದಲ್ಲಿರುವ ಆ ಮಾದರಿಯ ಎಂಜಿನುಗಳ ಸಂಪೀಡನ ಪ್ರಮಾಣ ಐದರ ಆಸುಪಾಸು. ಓಟೊ ಚಕ್ರದ ಸೂತ್ರದಂತೆ ಲೆಕ್ಕ ಹಾಕಿದರೆ ಆದರ್ಶ ದಕ್ಷತೆ ನೂರಕ್ಕೆ 47ರಷ್ಟಾಗುತ್ತದೆ. ಪ್ರಮಾಣ ಹತ್ತಾದರೆ 60ರಷ್ಟು. ವಾಸ್ತವದಲ್ಲಿ ಹಳೆಯ ಎಂಜಿನಿನಿಂದ ದೊರೆಯುವುದು ಆ 47ರ ಅರ್ಧಕ್ಕೂ ಕಡಮೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು 2021ರಲ್ಲಿ ಕಾನೂನು ಮಾಡಿ, ಹೊಸ ಸಣ್ಣ ಪೆಟ್ರೋಲ್ ಎಂಜಿನುಗಳನ್ನು 2024ರಿಂದ ಕ್ರಮೇಣ ನಿಲ್ಲಿಸಹೊರಟಿದೆ. ಅದು ಯುಕ್ತವೇ. ಪದೇ ಪದೇ ತಿರುಗುವ ಅಲಗಿನಿಂದ ಉತ್ತರೆ ಮಣ್ಣಿನ ಕಣರಚನೆ ಕೆಡುತ್ತದೆಂದೂ, ಅಲಗು ತಾಗುವ ಆಳದಲ್ಲಿ ಗಟ್ಟಿಪದರ ಕಟ್ಟಬಹುದೆಂದೂ ಈಗ ತಿಳಿದಿದೆ. ಹೋವರ್ಡನ ಮೊದಲ ಎಣಿಕೆಗೇ ಮಣ್ಣು ಹಾಕಿದ ತಿದ್ದುಪಡಿ ಇದು! ಆದುದರಿಂದ ಹಳೆಯ ಯಂತ್ರವನ್ನು ದಿನನಿತ್ಯದ ಉಳುಮೆಗೆ ಹೂಡಬೇಕೆಂಬುದು ನಮ್ಮ ವಾದವಲ್ಲ. ವರ್ಷಕ್ಕೆ ಕೆಲವು ಗಂಟೆ ನಡೆಯುವ ಒಂದು ಎಂಜಿನಿನ ಹೊಗೆಯು ಅದು ಕೊಡುವ ತಿಳಿವಳಿಕೆಯ ಮುಂದೆ ಅಲ್ಪ.

ಅಪಾಯದ ಮಾತನ್ನು ಮಾತ್ರ ಹಗುರವಾಗಿ ಕಾಣುವಂತಿಲ್ಲ. ಅಂದಿನ ಪೆಟ್ರೋಲಿನಲ್ಲಿ ಸೀಸವಿತ್ತು. ನಮ್ಮ ದೇಶದಲ್ಲಿ 2000ದಲ್ಲಿ, ಜಗತ್ತಿನಲ್ಲಿ ಕಟ್ಟಕಡೆಯದಾಗಿ ಆಲ್ಜೀರಿಯದಲ್ಲಿ 2021ರಲ್ಲಿ ವಾಹನಗಳ ಸೀಸದ ಪೆಟ್ರೋಲಿನ ಮಾರಾಟ ನಿಂತಿತು. ಆದರೆ ಹಳೆಯ ಎಂಜಿನಿನೊಳಗಿನ ಮಸಿಯಲ್ಲಿ ಆ ಸೀಸ ಇನ್ನೂ ಕುಳಿತಿರಬಹುದು. ಹಳೆಯ ಬಣ್ಣದಲ್ಲಿಯೂ ಸೀಸ, ಹಳೆಯ ಗ್ಯಾಸ್ಕೆಟ್ಟು ಹಾಗೂ ಕ್ಲಚ್ಚಿನ ಪಟ್ಟಿಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಮಸಿಯನ್ನೂ ಬಣ್ಣವನ್ನೂ ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬಾರದು. ಆಸ್ಬೆಸ್ಟಾಸಿನ ಭಾಗಗಳನ್ನು ವಿದ್ಯಾರ್ಥಿಗಳು ಮುಟ್ಟಲೇಬಾರದು, ಅದು ಬಲ್ಲವರ ಕೆಲಸ. ಪೆಟ್ರೋಲ್ ಇರುವಲ್ಲಿ ಬೆಂಕಿ ಕೂಡದು. ಮುಚ್ಚಿದ ಕೋಣೆಯಲ್ಲಿ ಎಂಜಿನ್ ನಡೆಯಿಸಿದರೆ ಕಾರ್ಬನ್ ಮೊನಾಕ್ಸೈಡ್ ಸುಳಿವಿಲ್ಲದೆ ಕೊಲ್ಲುತ್ತದೆ. ಅಲಗುಗಳ ಬಳಿ ಕೈಯಿಡುವ ಮೊದಲು ಪ್ಲಗ್ಗಿನ ತಂತಿಯನ್ನು ಕಳಚಿರಬೇಕು. ಈ ನಿಯಮಗಳನ್ನು ಪಾಲಿಸಲಾರದವರು ಕೆಲಸಕ್ಕೆ ಕೈಹಾಕದಿರುವುದೇ ಲೇಸು.

ಇಷ್ಟೆಲ್ಲ ತೊಡಕಿದ್ದೂ ನಾವು ಈ ಕೆಲಸವನ್ನು ಏಕೆ ಒತ್ತಿಹೇಳುತ್ತೇವೆ? ಇಂದಿನ ಯಂತ್ರಗಳು ದಿನೇ ದಿನೇ ಮುಚ್ಚಿದ ಪೆಟ್ಟಿಗೆಗಳಾಗುತ್ತಿವೆ. ಅಂಟಿಸಿದ ಹೊದಿಕೆ, ವಿಚಿತ್ರ ತಿರುಪು, ತಯಾರಕನೇ ಬಿಡಿಸಬೇಕಾದ ಗಣಕದ ಬೀಗ, ಇವುಗಳ ನಡುವೆ ಬಳಸುವವನು ತನ್ನ ಯಂತ್ರಕ್ಕೆ ತಾನೇ ಅಪರಿಚಿತನಾಗಿದ್ದಾನೆ. ಇದನ್ನು ಮನಗಂಡು ನಮ್ಮ ಕೇಂದ್ರ ಸರಕಾರವು 2022ರಲ್ಲಿ ದುರಸ್ತಿಯ ಹಕ್ಕಿನ ವಿಚಾರಕ್ಕೆ ಸಮಿತಿಯೊಂದನ್ನು ನೇಮಿಸಿತು. ಯೂರೋಪಿನ ಒಕ್ಕೂಟವು 2024ರಲ್ಲಿ ಈ ಬಗ್ಗೆ ನಿರ್ದೇಶನವನ್ನೇ ಹೊರಡಿಸಿತು. ಸಂತೋಷ. ಆದರೆ ದುರಸ್ತಿ ಬಲ್ಲ ಕೈಗಳೇ ಇಲ್ಲವಾದರೆ ದುರಸ್ತಿಯ ಹಕ್ಕು ಕಾಗದದ ಮೇಲಿನ ಅಕ್ಷರ ಮಾತ್ರ. ಬೋಲ್ಟು ಇನ್ನೆಷ್ಟು ಬಿಗಿದರೆ ತುಂಡಾಗುವುದೆಂಬ ಅರಿವು ಮಣಿಕಟ್ಟಿನಲ್ಲಿರುತ್ತದೆ. ಅದನ್ನು ಬಲ್ಲ ಹಿರಿಯ ಮೆಕ್ಯಾನಿಕನು ತೀರಿಕೊಂಡರೆ ಅವನೊಡನೆಯೇ ಹೋಗುತ್ತದೆ. ಈ ಅರಿವನ್ನು ಕಲಿಯಲು ಎಲ್ಲವೂ ಕಣ್ಣಿಗೆ ಕಾಣುವಂತಿರುವ, ತಪ್ಪಿದರೂ ಮತ್ತೆ ಬಿಚ್ಚಬಹುದಾದ ಹಳೆಯ ಎಂಜಿನಿಗಿಂತ ಒಳ್ಳೆಯ ಸಾಧನವಿಲ್ಲ.

ಇದಕ್ಕೆ ಹೋವರ್ಡನ ಯಂತ್ರವೇ ಬೇಕೆಂದಿಲ್ಲ. ನಮ್ಮ ನಾಡಿನಲ್ಲಿ ಪೆಟ್ರೋಲಿನಿಂದ ಚಾಲೂ ಆಗಿ ಸೀಮೆಎಣ್ಣೆಯಿಂದ ನಡೆಯುತ್ತಿದ್ದ ಸಣ್ಣ ಪಂಪ್‌ಸೆಟ್ಟುಗಳು, ಔಷಧಿ ಸಿಂಪಡಿಸುವ ಯಂತ್ರಗಳು, ಹಳೆಯ ಟಿಲ್ಲರುಗಳು ಗುಜರಿ ಅಂಗಡಿಗಳಲ್ಲಿ ತೂಕದ ಲೆಕ್ಕಕ್ಕೆ ಸಿಗುತ್ತವೆ. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಎಂಜಿನುಗಳ ಒಂದು ವಿಭಾಗವೇ ಇದೆ. ಅದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ನೋಡಬೇಕು. ಆದರೆ ನೋಡಿದ ಮಾತ್ರಕ್ಕೆ ಈಜು ಬಾರದು. ಪ್ರತಿಯೊಂದು ಪ್ರೌಢಶಾಲೆಯೂ ಕಾಲೇಜೂ ಒಂದು ಹಳೆಯ ಎಂಜಿನನ್ನು ಕೊಂಡು, ಐದಾರು ವಿದ್ಯಾರ್ಥಿಗಳ ಒಂದು ತಂಡಕ್ಕೆ ಒಂದು ವರ್ಷದ ಮಟ್ಟಿಗೆ ಒಪ್ಪಿಸಲಿ. ವಿಜ್ಞಾನದ ಉಪಾಧ್ಯಾಯರ ಜೊತೆಗೆ ಊರಿನ ಅನುಭವಿ ಮೆಕ್ಯಾನಿಕರನ್ನೂ ತಕ್ಕ ಗೌರವಧನ ಕೊಟ್ಟು ಗುರುಗಳಾಗಿ ಕರೆಯಲಿ. ಚಿತ್ರ ಬರೆದುಕೊಳ್ಳದೆ ಯಾವ ಭಾಗವನ್ನೂ ಬಿಚ್ಚಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಸೋತ ಪ್ರಯತ್ನವನ್ನೂ ಬರೆದಿಡಬೇಕು. ಈ ಮೂರು ನಿಯಮಗಳು ಸಾಕು. ವರ್ಷದ ಕೊನೆಗೆ ಎಂಜಿನ್ ನಡೆದರೆ ಸಂತೋಷ; ನಡೆಯದಿದ್ದರೂ ಏಕೆ ನಡೆಯಲಿಲ್ಲವೆಂದು ತಂಡವು ಕಾರಣಸಹಿತ ಹೇಳಬಲ್ಲದಾದರೆ ಅದಕ್ಕೆ ಪೂರ್ಣಾಂಕಗಳನ್ನು ಕೊಡಬಹುದು.

ತರುಣ ವಾಚಕರು ಶಾಲೆಯ ಆಜ್ಞೆಗಾಗಿ ಕಾಯಬೇಕಾದುದೂ ಇಲ್ಲ. ನಿಮ್ಮ ಹಿತ್ತಿಲ ಕೊಟ್ಟಿಗೆಯಲ್ಲಿ ಅಜ್ಜನ ಕಾಲದ ಎಂಜಿನೊಂದು ಮೂಲೆಗೆ ಬಿದ್ದಿದ್ದರೆ, ಗುಜರಿಯವನು ಬರುವ ಮೊದಲು ಒಮ್ಮೆ ಅದರ ಧೂಳನ್ನು ಒರಸಿ ಫಲಕದ ಮೇಲಿನ ಅಕ್ಷರಗಳನ್ನು ಓದಿರಿ. ಬಲ್ಲ ಹಿರಿಯರೊಬ್ಬರನ್ನು ಜೊತೆಗಿರಿಸಿಕೊಂಡು ಆ ಮೂರು ಪ್ರಶ್ನೆಗಳನ್ನು ಕೇಳಲು ತೊಡಗಿರಿ.